ನಾಲ್ಕು ಬೆರಳಿನ ಕೊಸರು

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಭಟ್ಕಳದ ಹೊರಗೆ, ಹೆದ್ದಾರಿಯಿಂದ ತುಸು ಒಳಗಿರುವ ಮನೆಯ ಜಗುಲಿಯಲ್ಲಿ ಹೊನ್ನಮ್ಮ ನಾಯ್ಕ ಕಾಲು ಚಾಚಿ ಕುಳಿತಿದ್ದಾರೆ. ಅಂಗಳದ ಮಲ್ಲಿಗೆ ಗಿಡಗಳು ಮಂಜಿನಲ್ಲಿ ಅರ್ಧ ಕಾಣುತ್ತವೆ, ಅರ್ಧ ಕಾಣುವುದಿಲ್ಲ. ಕೊಯ್ದ ಮೊಗ್ಗು ಬಾಳೆಲೆಯ ಮೇಲಿದೆ, ನೆನೆಸಿದ ಬಾಳೆನಾರು ಮೊಣಕಾಲಿನ ಮೇಲೆ. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ, ಒಂದು ಸುತ್ತು, ಒಂದು ಗಂಟು. ಬೆರಳುಗಳು ತಮ್ಮ ಪಾಡಿಗೆ ನಡೆಯುತ್ತವೆ. ಕಣ್ಣು ಮಾತ್ರ ಮತ್ತೆ ಮತ್ತೆ ಗೋಡೆಯ ಕ್ಯಾಲೆಂಡರಿನತ್ತ ಹೋಗುತ್ತದೆ. ಇಂದು ಗುರುವಾರ.

"ಇವತ್ತು ಬತ್ತದೋ ಇಲ್ಲೋ, ದೇವ್ರಿಗೇ ಗೊತ್ತು" ಎನ್ನುತ್ತಾರೆ ಹೊನ್ನಮ್ಮ.

ಬರಬೇಕಾದವಳು ದೀಕ್ಷಾ. ಕುಮಟಾ ತಾಲ್ಲೂಕಿನ ಅಘನಾಶಿನಿಯ ಏಳು ವರ್ಷದ ಹುಡುಗಿ. ರಕ್ತದ ಕ್ಯಾನ್ಸರಿಗೆ ಒಂದೂವರೆ ವರ್ಷದಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. ತಿಂಗಳಿಗೊಮ್ಮೆ ಒಂದು ಗುರುವಾರ ಬೆಳಗಿನ ರೈಲಿನಲ್ಲಿ ತಾಯಿ ಮಂಜಿ ಅವಳನ್ನು ಕರೆತರಬೇಕು, ಹೊನ್ನಮ್ಮ ಭಟ್ಕಳದಲ್ಲಿ ಅದೇ ರೈಲು ಹತ್ತಿ ಜೊತೆಗೆ ಹೋಗಬೇಕು. ಉಳಿದ ಗುರುವಾರಗಳು ಬೇರೆ ಮಕ್ಕಳವು. ಕಳೆದ ಗುರುವಾರ ತಾಯಿ ಮಗಳು ಬರಲಿಲ್ಲ. ಒಂದು ವಾರ ತಡವಾದದ್ದನ್ನು ಸರಿಪಡಿಸಬಹುದು, ಇನ್ನೂ ಬಿಟ್ಟರೆ ಕಾಯಿಲೆ ಮರಳಿ ಬಂದೀತು ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದಲೇ ಇಂದಿನ ರೈಲು ತಪ್ಪಬಾರದು.

ಟಾರ್ಚು ಹಿಡಿದು ಮೊಗ್ಗು ಕೊಯ್ಯುತ್ತಿರುವ ಗಂಡ ದುರ್ಗ ನಾಯ್ಕರು ಗಿಡದ ಮರೆಯಿಂದಲೇ, ಇವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ. "ವಾರದಲ್ಲಿ ಆರು ದಿನ ಇದು ನನ್ನ ಹೆಂಡ್ತಿ, ಅಕ್ಕೋರೇ. ಗುರುವಾರ ರೈಲ್ವೇದು."

"ಸುಮ್ನೆ ಮೊಗ್ಗು ಕೊಯ್ರಿ. ಅರಳಿದ್ದು ಕೊಯ್ದು ಹಾಕಿ, ಕಡೆಗೆ ನನ್ನ ಹೆಸ್ರು ಹೇಳ್ತ್ರಿ."

ಹೊನ್ನಮ್ಮನವರಿಗೆ ಈಗ ಐವತ್ತಾರು. ಭಟ್ಕಳ ಬಸ್ ನಿಲ್ದಾಣದ ಮೆಟ್ಟಿಲ ಪಕ್ಕ ಕೂತು ಹೂ ಮಾರಲು ತೊಡಗಿ ಮೂವತ್ತು ವರ್ಷ ದಾಟಿತು. ಆಸ್ಪತ್ರೆಯ ದಾರಿ ಹಿಡಿದದ್ದು ಆರು ವರ್ಷದ ಹಿಂದೆ, ಅದೂ ತಾವಾಗಿ ಅಲ್ಲ. ಹೊನ್ನಾವರದ ಹೆಂಗಸೊಬ್ಬಳು ಬಸ್ಸು ಬದಲಿಸಲು ಇಳಿದವಳು, "ಎರಡೇ ನಿಮಿಷ ಹಿಡ್ಕಳಿ ಅಕ್ಕಾ" ಎಂದು ಮೂರು ವರ್ಷದ ಮಗಳನ್ನು ಇವರ ಮಡಿಲಿಗೆ ಹಾಕಿ ಕೈಕಾಲು ತೊಳೆಯಲು ಹೋದಳು. ಮಗುವಿನ ಹೆಸರು ಧನ್ಯಾ. ತಲೆಯಲ್ಲಿ ಒಂದು ಕೂದಲಿಲ್ಲ. ಅದು ಹೊನ್ನಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಯಿತು. ಅಷ್ಟರಲ್ಲಿ ಮಂಗಳೂರು ಬಸ್ಸು ಬಂತು.

"ಸೆರಗು ಎಳ್ಕಂಡ್ರೆ ಎಚ್ಚರ ಆಗ್ತದೆ. ಎಳ್ಕಳೂಕೆ ಮನಸ್ಸೇ ಬರ್ಲಿಲ್ಲ. ಹಾಂಗೇ ಹತ್ತಿದೆ" ಎಂದು ಹೊನ್ನಮ್ಮ ಇಂದಿಗೂ ತಮ್ಮ ಬಗ್ಗೆ ತಾವೇ ಅಚ್ಚರಿಪಡುತ್ತಾರೆ. "ಹೂವಿನ ಬುಟ್ಟಿನೂ ಕೈಯಲ್ಲೇ ಇತ್ತು. ಮನೇಲಿ ಇವ್ರಿಗೆ ಫೋನ್ ಮಾಡಿ, ಮಂಗಳೂರಿಗೆ ಹೊರಟೆ ಅಂದೆ. ಎಂತಕೆ ಅಂದ್ರು. ಗೊತ್ತಿಲ್ಲ ಅಂದೆ."

ಅಂದು ಆ ಬುಟ್ಟಿಯಿಂದಲೇ ಒಂದು ತಪ್ಪಾಯಿತು. ಯಾರ ಮನೆಗೂ ಬರಿಗೈಯಲ್ಲಿ ಹೋಗಿ ಅಭ್ಯಾಸವಿಲ್ಲದ ಹೊನ್ನಮ್ಮ ಮಕ್ಕಳ ವಾರ್ಡಿನೊಳಗೆ ಕಾಲಿಟ್ಟವರೇ ದಂಡೆ ತೆಗೆದು, ನಾಲ್ಕು ನಾಲ್ಕು ಬೆರಳು ಕತ್ತರಿಸಿ, ಹೆಣ್ಣುಮಕ್ಕಳ ದಿಂಬಿನ ಪಕ್ಕ ಇಡುತ್ತಾ ಹೋದರು. ನರ್ಸಮ್ಮ ಓಡಿಬಂದರು. ಹಸಿ ಹೂವಿನ ತೇವದಲ್ಲಿ ಕಣ್ಣಿಗೆ ಕಾಣದ ಸೋಂಕು ಇರುತ್ತದೆ. ಈ ಮಕ್ಕಳ ರಕ್ತಕ್ಕೆ ಅದರೊಡನೆ ಕಾದಾಡುವ ಶಕ್ತಿ ಇಲ್ಲ. ಇಟ್ಟ ಹೂವನ್ನೆಲ್ಲ ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬಿದರು. ಆಗ ಒಂದು ಹುಡುಗಿ ತನ್ನ ಬೋಳು ತಲೆಯ ಮೇಲೆ ಅಂಗೈ ಇಟ್ಟುಕೊಂಡಳು.

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮಲ್ಲಿಗೆ ಕಟ್ಟೂಕೆ ಕಲಿತದ್ದಕ್ಕೆ ಅದೊಂದೇ ದಿನ ನಾಚಿಕೆ ಆದದ್ದು."

ಸ್ವಲ್ಪ ಹೊತ್ತಿನ ಮೇಲೆ ಅದೇ ನರ್ಸಮ್ಮ ಹೊರಗಿನ ಬೆಂಚಿಗೆ ಒಂದು ಲೋಟ ಚಹಾ ತಂದುಕೊಟ್ಟರಂತೆ. ಹೂವನ್ನು ಎಸೆದಿಲ್ಲ, ಗೇಟಿನ ಕಾವಲುಗಾರನ ಗಣಪತಿ ಪಟಕ್ಕೆ ಕಳಿಸಿದ್ದೇನೆ ಎಂದರಂತೆ. ಹೊನ್ನಮ್ಮ ಈ ಮಾತನ್ನು ಹೇಳುವಾಗ ದನಿ ತಗ್ಗಿಸುತ್ತಾರೆ, ಎಲ್ಲಿ ಜೋರಾಗಿ ಹೇಳಿದರೆ ಅದು ಸವೆದುಹೋದೀತೋ ಎಂಬಂತೆ.

ಊರಿಗೆ ಮರಳಿದವರು ಗಂಡನ ಬಿಳಿ ಪಂಚೆ ಕತ್ತರಿಸಿದರು. ಸಣ್ಣ ಸಣ್ಣ ಚೂರು, ಒಳಗೆ ಚಿಟಿಕೆ ಹತ್ತಿ, ತುದಿಗೆ ಒಂದು ತಿರುವು. ಬಟ್ಟೆಯ ಮೊಗ್ಗು. ಕಟ್ಟಿದ್ದು ಮಾತ್ರ ಹೂವಿನ ಗಂಟಿನಲ್ಲೇ. ಮುಂದಿನ ಸಲ ತೋರಿಸಿದಾಗ ನರ್ಸಮ್ಮ ಬೆಳಕಿಗೆ ಹಿಡಿದು ನೋಡಿ, ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಹಾಕಿ ತಂದರೆ ಆಯಿತು ಎಂದರು. ಅಂದಿನಿಂದ ವಾರ್ಡಿನ ಹುಡುಗಿಯರ ಟೊಪ್ಪಿಗೆಯ ಅಂಚಿನಲ್ಲಿ ಭಟ್ಕಳ ಮಲ್ಲಿಗೆ ಇದೆ. ವಾಸನೆ ಇಲ್ಲ, ಬಾಡುವುದೂ ಇಲ್ಲ.

"ನನ್ನ ನಾಲ್ಕು ಪಂಚೆ ಅಲ್ಲಿ ಅರಳಿದೆ" ಎನ್ನುತ್ತಾರೆ ದುರ್ಗ ನಾಯ್ಕರು.

ಔಷಧಿಯ ಬಹುಪಾಲು ಸರ್ಕಾರದ ಯೋಜನೆಯಲ್ಲಿ ಸಾಗುತ್ತದೆ. ಸಾಗದೆ ಉಳಿಯುವುದು ರೈಲಿನ ಟಿಕೆಟು, ಆಸ್ಪತ್ರೆಯ ಎದುರಿನ ಊಟ, ತಂಗಲು ಒಂದು ಕೋಣೆ, ತಾಯಿ ಬಿಟ್ಟುಬಂದ ದಿನಗೂಲಿ. ಇಷ್ಟಕ್ಕೇ ಎಷ್ಟೋ ಮಕ್ಕಳ ಚಿಕಿತ್ಸೆ ನಿಂತುಹೋಗುತ್ತದೆ. ಇದಕ್ಕೆ ಹೊನ್ನಮ್ಮ ಕಂಡುಕೊಂಡ ದಾರಿ ಕೊಸರು. ಹೂ ಮಾರುವವರು ಮೊಳ ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. ಕೊಡದಿದ್ದರೆ ಗಿರಾಕಿ ಮುಖ ತಿರುಗಿಸುತ್ತಾರೆ. "ಆ ನಾಲ್ಕು ಬೆರಳು ಮಕ್ಕಳಿಗೆ ಬಿಡ್ತ್ರಾ?" ಎಂದು ಹೊನ್ನಮ್ಮ ಖಾಯಂ ಗಿರಾಕಿಗಳನ್ನು ಕೇಳತೊಡಗಿದರು. ಆರು ಜನ ಬಿಟ್ಟರೆ ಒಂದು ಮೊಳ. ದಿನಕ್ಕೆ ನಲವತ್ತು ಮೊಳ ಮಾರಿದರೆ ಸಂಜೆಗೆ ಐದಾರು ಮೊಳ ಮಕ್ಕಳ ಹೆಸರಿನಲ್ಲಿ ಉಳಿಯುತ್ತದೆ. ಸಂಜೆಯ ಬಸ್ಸಿಗೆ ಅದನ್ನು ಮಾರಿದ ಹಣ ಒಂದು ಬಿಸ್ಕತ್ತಿನ ಡಬ್ಬಿಗೆ.

ನಿಲ್ದಾಣದ ಬಳಿ ಒಂದು ಗಳಿಗೆ ನಿಂತರೆ ಸಾಕು, ಇದು ಹೇಗೆ ನಡೆಯುತ್ತದೆ ಎಂದು ಕಾಣುತ್ತದೆ. ಮದುವೆಗೆಂದು ಹತ್ತು ಮೊಳ ಕೊಂಡ ನವಾಯತ ಮುಸ್ಲಿಮರ ಮನೆಯ ಹಿರಿಯ ಹೆಂಗಸು, ಬುರ್ಖಾದ ತೋಳು ಸರಿಸಿ ತಮ್ಮ ಮೊಳದಿಂದಲೇ ಅಳೆಸಿಕೊಳ್ಳುತ್ತಾರೆ. ಅವರ ಕೈ ಗಿಡ್ಡ. "ನಿನ್ನ ಕೈ ಉದ್ದ, ಮಕ್ಕಳಿಗೆ ಕಡಿಮೆ ಆಗ್ತದೆ" ಎಂದು ನಕ್ಕು, ಕೊಸರನ್ನೂ ಬಿಟ್ಟು ಹೋಗುತ್ತಾರೆ.

ಧನ್ಯಾಳ ಅಪ್ಪ ಸಂತೋಷ ಹೊನ್ನಾವರದಲ್ಲಿ ಆಟೋ ಓಡಿಸುತ್ತಾರೆ. ಮಗಳು ಗುಣವಾಗಿ ನಾಲ್ಕನೇ ತರಗತಿಗೆ ಬಂದಿದ್ದಾಳೆ. ಅವರೇ ಹೊನ್ನಾವರದ ಮೀನು ಪೇಟೆಯ ಹೆಂಗಸರಿಗೆ ವಿಷಯ ಮುಟ್ಟಿಸಿದ್ದು. ಅಲ್ಲಿ ಈಗ ಬಂಗಡೆಯ ಪಾಲಿನ ಮೇಲೆ ಕೊಸರಾಗಿ ಹಾಕುವ ಒಂದು ಮೀನನ್ನು ಗಿರಾಕಿಗಳು ಬಿಡುತ್ತಾರೆ. ಅಘನಾಶಿನಿಯ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ರಾಶಿಯ ಮೇಲಿನ ಒಂದು ಬೊಗಸೆ ಬಿಡುತ್ತಾರೆ. ಗುಂಪಿಗೆ ಹೆಸರಿಲ್ಲ, ಫಲಕವಿಲ್ಲ. ಮೂರು ಊರಿನಿಂದ ಹನ್ನೊಂದು ಜನ. ಆರು ವರ್ಷದಲ್ಲಿ ಹತ್ತೊಂಬತ್ತು ಮಕ್ಕಳು. ಹೊನ್ನಮ್ಮ ಹೆಸರು ಹೇಳುತ್ತಾ ಬೆರಳು ಎಣಿಸುತ್ತಾರೆ. ಎರಡು ಕಡೆ ಹೆಸರು ಬರುವುದಿಲ್ಲ. ಬೆರಳು ಮಾತ್ರ ಮಡಚುತ್ತದೆ.

ದೀಕ್ಷಾಳ ಮನೆಯವರು ಕೆಟ್ಟವರಲ್ಲ. ಹುಡುಗಿ ಓಡುತ್ತಾಳೆ, ಉಣ್ಣುತ್ತಾಳೆ, ಶಾಲೆಯಲ್ಲಿ ಜಗಳವನ್ನೂ ಆಡುತ್ತಾಳೆ. ಸೂಜಿ ಹಾಕಿಸಿ ಬಂದ ವಾರ ಮಾತ್ರ ಮಂಕಾಗುತ್ತಾಳೆ. ಹಾಗಾಗಿ ಕಾಯಿಲೆಯೇ ಆ ಸೂಜಿ ಎಂದು ಮನೆಯವರಿಗೆ ಅನ್ನಿಸಿದೆ. ಅಪ್ಪ ಈರ ಮೀನಿನ ದೋಣಿಯಲ್ಲಿ ಹತ್ತು ದಿನಕ್ಕೊಮ್ಮೆ ದಡಕ್ಕೆ ಬರುವವರು. ಮನೆಯ ಒಂದೇ ಫೋನು ಅವರ ಜೊತೆಯಲ್ಲಿದೆ. ಚಳಿಗಾಲದಲ್ಲಿ ಹೊಳೆಯ ನೀರು ಇಳಿದಾಗ ಬಳಚು ಚೆನ್ನಾಗಿ ಸಿಗುವ ದಿನಗಳಿವು. ಮಂಜಿ ಹೊಳೆ ಬಿಟ್ಟು ಹೇಗೆ ಬಂದಾಳು?

ಕಳೆದ ಶನಿವಾರ ಹೊನ್ನಮ್ಮ ಮೊದಲ ಬಸ್ಸು ಹಿಡಿದು ಅಘನಾಶಿನಿಗೆ ಹೋದರು. ಬೈಯಲಿಲ್ಲ. ಸೀರೆ ಎತ್ತಿಕಟ್ಟಿ ಮಂಜಿಯ ಪಕ್ಕದಲ್ಲೇ ಹೊಳೆಗೆ ಇಳಿದರು. ಮೊಣಕಾಲುದ್ದದ ನೀರು, ಮೇಲೆ ಹೊಗೆಯಂಥ ಮಂಜು, ಅಲ್ಲಲ್ಲಿ ಬಾಗಿದ ಹೆಂಗಸರ ಬೆನ್ನು. ಪಾದದಿಂದ ಕೆಸರು ತಡವಿ ಚಿಪ್ಪು ಹುಡುಕುವುದು ಹೂ ಕಟ್ಟುವವರಿಗೆ ಹೊಸದು.

"ಹೊನ್ನಕ್ಕಾ, ನೀವು ಹೆಕ್ಕಿದ್ದರಲ್ಲಿ ಅರ್ಧ ಕಲ್ಲು" ಎಂದು ಮಂಜಿ ನಕ್ಕಳಂತೆ.

"ಆಗ್ಲಿ ಮಾರಾಯ್ತಿ, ಕಲ್ಲು ನನ್ನ ಪಾಲಿಗಿರಲಿ."

ನೀರು ಏರುವವರೆಗೂ ಹೆಕ್ಕಿದರು. ದಡಕ್ಕೆ ಬಂದು ಕಾಲು ತೊಳೆಯುವಾಗ ಮಂಜಿಯೇ ಮಾತು ತೆಗೆದಳು. "ಮಗಳಿಗೆ ಗುಣ ಆತಲ್ಲ ಅಕ್ಕಾ. ಮತ್ತೆ ಎಂತಕೆ ಆ ಮಗೂಗೆ ಚುಚ್ಚೂದು?"

ಹೊನ್ನಮ್ಮ ಮುಡಿಯಲ್ಲಿದ್ದ ಮಲ್ಲಿಗೆ ತೆಗೆದು, ದಂಡೆಯ ಕಡೆಯ ಗಂಟು ಬಿಚ್ಚಿ ಮಂಜಿಯ ಕೈಗೆ ಕೊಟ್ಟರು. ಮಂಜಿ ಹಿಡಿದು ಎತ್ತಿದಳು. ಮೊದಲು ಎರಡು ಹೂ ಉದುರಿತು, ಆಮೇಲೆ ನಾಲ್ಕು. ನೋಡನೋಡುತ್ತ ಅರ್ಧ ದಂಡೆ ಹೊಳೆಯ ನೀರಿನಲ್ಲಿತ್ತು.

"ಇದ್ನ ನಾಲ್ಕು ಗಂಟೆಗೆ ಎದ್ದು ಕಟ್ಟಿದ್ದೆ. ಕಟ್ಟಿದ್ದೆಲ್ಲ ಸಮಾ ಇತ್ತು, ಕಡೇ ಗಂಟೊಂದು ಇಲ್ಲ. ಅಷ್ಟೇ" ಎಂದರು ಹೊನ್ನಮ್ಮ. ಮಂಜಿ ತೇಲಿಹೋಗುವ ಹೂವನ್ನೇ ನೋಡುತ್ತ, "ನೋಡುವ" ಎಂದಳು. ಬರುತ್ತೇನೆ ಎನ್ನಲಿಲ್ಲ.

ಆ 'ನೋಡುವ' ಎಂಬ ಒಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊನ್ನಮ್ಮ ಈಗ ಭಟ್ಕಳ ರೈಲು ನಿಲ್ದಾಣದಲ್ಲಿ ನಿಂತಿದ್ದಾರೆ. ಕೈಯಲ್ಲಿ ಹೂವಿಲ್ಲ, ಆಸ್ಪತ್ರೆಯ ದಿನ ಅವರು ಹಸಿ ಹೂ ಮುಡಿಯುವುದೂ ಇಲ್ಲ. ಚೀಲದಲ್ಲಿ ಇಸ್ತ್ರಿ ಹಾಕಿದ ಬಟ್ಟೆಯ ಮಲ್ಲಿಗೆ, ಇಡ್ಲಿಯ ಡಬ್ಬಿ, ಬಿಸಿನೀರಿನ ಫ್ಲಾಸ್ಕ್. ಹಳಿಯ ಆ ತುದಿ ಮಂಜಿನೊಳಗೆ ಕರಗಿದೆ. ರೈಲು ನಿಲ್ಲುವುದು ಎರಡೇ ನಿಮಿಷ. ಯಾವ ಡಬ್ಬಿಗೆ ಓಡಬೇಕೆಂದು ತಿಳಿಯಲು ಅವರಲ್ಲೊಂದು ಪದ್ಧತಿ ಇದೆ. ಮಗುವಿನ ತಾಯಿ ಬಟ್ಟೆಯ ಮಲ್ಲಿಗೆಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಾಳೆ. ದೂರದಿಂದಲೇ ಬಿಳಿ ಕಾಣುತ್ತದೆ.

ಫೋನು ಗುಣುಗುಣಿಸುತ್ತದೆ. ಹೊನ್ನಾವರದಿಂದ ಸಂತೋಷ. "ಅಕ್ಕಾ, ರೈಲು ಈಗ ಬಿಡ್ತು. ಗರ್ದಿ ಭಾರೀ. ಎಲ್ಲಾ ಡಬ್ಬಿ ನೋಡ್ದೆ, ಯಾವ ಕಿಟಕೀಲೂ ಹೂ ಕಾಣ್ಲಿಲ್ಲ."

"ಆತು" ಎನ್ನುತ್ತಾರೆ ಹೊನ್ನಮ್ಮ. ಫೋನನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಕಟ್ಟುತ್ತಾರೆ. "ಅಂವಗೆ ಕಣ್ಣು ಸರಿ ಇಲ್ಲ" ಎಂದು ಯಾರಿಗೋ ಎಂಬಂತೆ ಹೇಳುತ್ತಾರೆ.

ರೈಲು ಸದ್ದಿಗಿಂತ ಮೊದಲು ಬೆಳಕಾಗಿ ಬರುತ್ತದೆ, ಮಂಜಿನಲ್ಲಿ ಹಳದಿ ಹೂವೊಂದು ಮೆಲ್ಲಗೆ ದೊಡ್ಡದಾದಂತೆ. ಡಬ್ಬಿಗಳು ಸರಿಯುತ್ತವೆ. ಕಿಟಕಿಗಳಲ್ಲಿ ನಿದ್ದೆಯ ಮುಖ, ಒಣಹಾಕಿದ ಟವೆಲು, ಯಾರದೋ ಮೊಣಕೈ. ಬಿಳಿ ಇಲ್ಲ. ಒಂದು, ಎರಡು, ಐದು, ಎಂಟು. ಬಿಳಿ ಇಲ್ಲವೇ ಇಲ್ಲ. ಹೊನ್ನಮ್ಮ ಓಡುವುದಿಲ್ಲ. ಓಡಲು ಯಾವ ದಿಕ್ಕೂ ಇಲ್ಲದೆ ನಿಂತೇ ಇರುತ್ತಾರೆ.

"ಹೊನ್ನಕ್ಕಾ! ಎಲ್ಲಿ ನೋಡ್ತ್ರಿ? ಇಲ್ಲಿ, ಇಲ್ಲಿ!"

ಕಡೆಯ ಡಬ್ಬಿಯ ಬಾಗಿಲಲ್ಲಿ ಮಂಜಿ. ಅವಳ ಸೊಂಟಕ್ಕೆ ಒತ್ತಿ ನಿಂತ ದೀಕ್ಷಾ. ಹೊನ್ನಮ್ಮ ಈಗ ಓಡುತ್ತಾರೆ, ಹತ್ತುತ್ತಾರೆ, ಬಾಗಿಲ ಕಂಬಿ ಹಿಡಿದು ಏದುಸಿರು ಬಿಡುತ್ತಾರೆ. ರೈಲು ಹೊರಟಾಗ ಮೊದಲು ಬರುವುದು ಬೈಗುಳ.

"ಕಿಟಕಿಗೆ ಕಟ್ಟೂಕೆ ಎಂತ ರೋಗ ನಿಂಗೆ? ನನ್ನ ಜೀವ ಹೋಗಿ ಬಂತು!"

"ನಾ ಎಂತ ಮಾಡ್ಲಿ? ಮಗು ಹೂ ಕೊಟ್ರಲ್ಲ! ಅದ್ರ ತಲೆ ನೋಡಿ."

ದೀಕ್ಷಾ ಗಂಭೀರವಾಗಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಬೆರಳುದ್ದ ಬೆಳೆದ ಹೊಸ ಕೂದಲು, ಕರಿ ಬೆಕ್ಕಿನ ಮೈಯಂತೆ ನುಣುಪು. ಅದಕ್ಕೆ ಮೂರು ಪಿನ್ನು ಒತ್ತಿ, ಬಟ್ಟೆಯ ಮಲ್ಲಿಗೆ ನೇತಾಡುತ್ತಿದೆ. ಟೊಪ್ಪಿಗೆಗೆ ಅಲ್ಲ, ಕೂದಲಿಗೆ. ಮೊದಲ ಸಲ.

ಹೊನ್ನಮ್ಮ ಸೀಟಿನ ಅಂಚಿಗೆ ಕೂರುತ್ತಾರೆ. ಜಾರುತ್ತಿದ್ದ ಪಿನ್ನೊಂದನ್ನು ಸರಿಪಡಿಸುವ ನೆಪದಲ್ಲಿ ಆ ಕೂದಲ ಮೇಲೆ ಬೆರಳು ಇಟ್ಟು, ಬಹಳ ಹೊತ್ತು ತೆಗೆಯುವುದಿಲ್ಲ. ಹೊರಗೆ ಗದ್ದೆಗಳ ಮೇಲೆ ಮಂಜು ಏಳುತ್ತಿದೆ.

"ಹೂವಮ್ಮಾ, ಖರೇ ಹೂ ಯಾವಾಗ?" ಎಂದು ದೀಕ್ಷಾ ಹೊನ್ನಮ್ಮನನ್ನು ಕೇಳುತ್ತಾಳೆ.

"ಇನ್ನು ಏಳು ತಿಂಗಳು. ಕಡೇ ಸೂಜಿ ಆಗಿ, ಡಾಕ್ಟ್ರು ಹೂಂ ಅಂದ ದಿವ್ಸ. ಒಂದು ಮೊಳ."

"ನಿಮ್ಮ ಮೊಳನಾ, ನನ್ನ ಮೊಳನಾ?"

"ನಂದು. ನಿನ್ನ ಕೈಯಲ್ಲಿ ಅಳೆದ್ರೆ ಕಿವಿಗೂ ಸಾಲೂದಿಲ್ಲ."

ಎದುರಿನ ಸೀಟಿನಿಂದ ಮಂಜಿ ಕೆಣಕುತ್ತಾಳೆ. "ಮತ್ತೆ ಕೊಸರು? ಎಲ್ಲರೂ ಬಿಡ್ತ್ರಲ್ಲ, ಇದೂ ಬಿಡ್ಬೇಕಾ ಹೊನ್ನಕ್ಕಾ?"

ನಿಮಗಾಗಿ ಏನಾದರೂ ಆಸೆ ಇದೆಯೇ ಎಂದು ಬೆಳಗಿನಿಂದ ನಾನು ಎರಡು ಸಲ ಕೇಳಿದಾಗಲೂ ಹೊನ್ನಮ್ಮ ಮಾತು ಬೇರೆಡೆ ತಿರುಗಿಸಿದ್ದರು. ಈಗ ದೀಕ್ಷಾಳ ಪುಟ್ಟ ಕೈಯನ್ನು ತಮ್ಮ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಅದರ ಮೇಲೆ ತಮ್ಮ ನಾಲ್ಕು ಬೆರಳು ಅಡ್ಡ ಇಟ್ಟು ಅಳತೆ ತೋರಿಸುತ್ತಾರೆ.

"ಇದ್ರದ್ದು ಬಿಡೂಕಿಲ್ಲ. ಇದೊಂದು ಕೊಸರು ನಾ ಯಾರಿಗೂ ಬಿಟ್ಟು ಕೊಡೂದಿಲ್ಲ."