ಬುಡಕ್ಕೆ ಕುಯ್ದ ಗ್ಲಾಡಿಯೋಲಸ್

ನನ್ನ ಗೆಳತಿ ಮುನಿವೆಂಕಟಮ್ಮನ ವಿಷಯ ಎತ್ತಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಒಳ್ಳೆಯವಳು ಅಂತಾರೆ ಎಲ್ಲರೂ. ಒಳ್ಳೆಯವಳಾಗಿದ್ದೇ ತಪ್ಪಾಯ್ತು ನೋಡಿ.

ನಾನು ಯಮುನಾ, ಹಲಸೂರು ದೇವಸ್ಥಾನದ ಬೀದೀಲಿ ಹೂವಿನಂಗಡಿ ಇಟ್ಟಿದ್ದೀನಿ. ಅವಳು ಕಗ್ಗದಾಸಪುರದಲ್ಲಿ ತಮ್ಮ ಮುನಿರಾಜನ ಜಾಗದಲ್ಲಿ ಗ್ಲಾಡಿಯೋಲಸ್ ಹೂ ಬೆಳೀತಾಳೆ. ಮೂರು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ಬೀಗ ಹಾಕಿದ ಗೇಟು. ಗಂಡ ಸತ್ತ ಮೇಲೆ ಬಂದವಳಿಗೆ ತಮ್ಮ ಅಲ್ಲೇ ಒಂದು ಶೀಟಿನ ರೂಮು ಕೊಟ್ಟ. ಖಾಲಿ ಬಿಟ್ರೆ ಯಾರಾದ್ರೂ ಒತ್ತುವರಿ ಮಾಡ್ತಾರೆ ಅಂತ ಅವನಿಗೆ ಭಯ. ಕಾಯೋಕೆ ಅಕ್ಕ ಸಿಕ್ಕಿದ್ಲು. ಒಂದು ಮದುವೆ ಮನೆಗೂ ಹೋಗೋ ಹಾಗಿಲ್ಲ ಪಾಪ.

"ನನ್ನ ಅಂಗಡಿಗೆ ಬಾರೇ, ಇಬ್ರೂ ಹೂ ಕಟ್ಕೊಂಡು ಇರೋಣ" ಅಂತ ವರ್ಷಗಟ್ಟಲೆ ಕರೆದೆ. ಅವಳಿಗೂ ಅದೊಂದೇ ಆಸೆ. ಆದ್ರೆ ಮುನಿರಾಜನದು ಒಂದೇ ಮಾತು: "ಗಡ್ಡೆ ಇರೋವರೆಗೆ ಇರಕ್ಕ. ಬೆಳೆ ಮುಗಿದ ಮೇಲೆ ಹೋಗುವಂತೆ." ಮುಗಿಯೋದೆಲ್ಲಿ ಬಂತು? ಹೂವಿನ ದಂಟು ಕುಯ್ಯುವಾಗ ಬುಡದಲ್ಲಿ ನಾಲ್ಕು ಎಲೆ ಬಿಟ್ರೆ, ಅದರ ಬಲದಿಂದ ಮಣ್ಣೊಳಗೆ ಹೊಸ ಗಡ್ಡೆ ಕೂರುತ್ತೆ. ಅದನ್ನ ಅಗೆದು, ನೆರಳಲ್ಲಿ ಒಣಗಿಸಿ, ಮತ್ತೆ ನೆಡೋದು. ಗಡ್ಡೆಗಾದ್ರೂ ಮಧ್ಯೆ ರಜ ಇತ್ತು.

"ಎಲೆ ಬಿಡಬೇಡ ಕಣೇ, ಬುಡಕ್ಕೇ ಕುಯ್ದುಬಿಡು" ಅಂದೆ. ಈಗ್ಲೂ ಹೇಳ್ತೀನಿ, ಸರಿಯಾಗೇ ಹೇಳಿದ್ದೆ. ಅತ್ತುಕೊಂಡೇ ಪೂರಾ ತೋಟ ಕುಯ್ದಳು. ಆಮೇಲೆ ಅಗೆದು ನೋಡಿದ್ರೆ ಗಡ್ಡೆಗಳೆಲ್ಲ ಸೊರಗಿ ಬೆಂಡಾಗಿದ್ವು. ಮುನಿರಾಜ ಹಾರಾಡಿದ, ಕೊನೆಗೆ "ಹೋಗು" ಅಂದ.

ಬಂದಳು, ಒಂದೇ ಬ್ಯಾಗು ಹಿಡಕೊಂಡು. ಇಬ್ಬರೂ ಕೆರೆ ಕಡೆ ಹೋಗಿ ಮಸಾಲೆ ಪುರಿ ತಿಂದ್ವಿ. ಖಾರಕ್ಕೆ ಕಣ್ಣಲ್ಲಿ ನೀರು ಬಂದು ನಕ್ಕಿದ್ದೇ ನಕ್ಕಿದ್ದು. ಅಯ್ಯೋ, ಅವಳು ಹಾಗೆ ನಕ್ಕಿದ್ದು ನಾನು ಕೇಳೇ ಇರಲಿಲ್ಲ.

ಮುಂಗಾರು ಶುರುವಾಯ್ತು. ಮುನಿರಾಜ ಫೋನ್ ಮಾಡಿದ: "ಅಕ್ಕಾ, ತೋಟ ಹಸಿರಾಗಿದೆ!" ದೊಡ್ಡ ಗಡ್ಡೆಗೆ ಬಟಾಣಿ ಗಾತ್ರದ ಮರಿಗಡ್ಡೆಗಳು ಅಂಟಿಕೊಂಡಿರ್ತವೆ. ಅಗೆದಾಗಲೆಲ್ಲ ಕೊಡವಿ ಅಲ್ಲೇ ಬಿಸಾಕ್ತಿದ್ದಳು, ಇಷ್ಟು ವರ್ಷವೂ. ಈಗ ಜಾಗ ಖಾಲಿಯಾಗಿದ್ದೇ ತಡ, ಅವೆಲ್ಲ ಎದ್ದಿದ್ವು. ಮರಿ ಬೆಳೆದು ಹೂ ಬಿಡೋಕೆ ಇನ್ನೆರಡು ವರ್ಷ ಬೇಕು. "ಅಲ್ಲೀವರೆಗೂ ನೋಡ್ಕೋ" ಅಂದನಂತೆ ಮಹಾನುಭಾವ.

"ಸುಮ್ನೆ ನೋಡ್ಕೊಂಡು ಬರ್ತೀನಿ" ಅಂತ ಹೊರಟಳು. "ನೋಡೋದೇನು ಬಂತು, ಎಲ್ಲಾ ಕಿತ್ತು ಬಿಸಾಕಿ ಬಾ" ಅಂತ ಬೈದು ಕಳಿಸಿದೆ. ಸಂಜೆಯಾದ್ರೂ ಪತ್ತೆ ಇಲ್ಲ. ನಾನೇ ಹೋದೆ. ಗೇಟಿನೊಳಗೆ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ಎಸಳಿನಂಥ ಮೊಳಕೆಗಳ ಮಧ್ಯೆ ಕಳೆ ಕೀಳ್ತಿದ್ದಳು.

"ಏನೇ ಇದು?"

"ಕೈ ಬರಲಿಲ್ಲ ಕಣೇ ಯಮುನಾ" ಅಂದಳು. ಅಳ್ತಿದ್ದಳು. "ನೀನೇ ಕಿತ್ತುಬಿಡು."

ನಾನು ಬಗ್ಗಿ ಒಂದು ಮೊಳಕೆ ಹಿಡಿದೆ. ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ.