ನನ್ನ ಬಾಯಿಗೆ ಎಲೆ ತುರುಕಿದ ಸೂಗಮ್ಮ

ಸೂಗಮ್ಮ ನರ್ಸ್‌ಬಾಯಿ ಯಾರ ಮನೆಗೆ ಬಂದರೂ ಮೊದಲು ಆರಾಮಿದ್ದವರ ಬಾಯಿ ಮುಚ್ಚಿಸುತ್ತಿದ್ದಳು. ರೋಗಿಯ ಕಡೆ ನೋಡುವುದು ಆಮೇಲೆ. ರಂಗಂಪೇಟೆಯ ನಮ್ಮ ಓಣಿಯಲ್ಲಿ ಅವಳಿಗೆ ಹೆದರದ ಅತ್ತೆ ಇರಲಿಲ್ಲ, ಸೊಸೆಯೂ ಇರಲಿಲ್ಲ. ಕುಳ್ಳಗಿನ ಹೆಂಗಸು. ದವಾಖಾನೆಯಿಂದ ಬರುವಾಗ ಒಂದು ಕೈಯಲ್ಲಿ ಕಾಯಿಪಲ್ಯದ ಚೀಲ, ಇನ್ನೊಂದರಲ್ಲಿ ಚಪ್ಪಲಿ. ಕಾಲಿನ ಕಿರುಬೆರಳಿಗೆ ಆಣಿಯಾಗಿತ್ತು. ಊರಿಗೆಲ್ಲ ಔಷಧ ಹೇಳುವವಳು ಅದಕ್ಕೇನೂ ಮಾಡಿಕೊಳ್ಳಲಿಲ್ಲ. ಕೇಳಿದರೆ, "ಅದೊಂದು ನನ್ನ ಮಾತ ಕೇಳಂಗಿಲ್ರಿ" ಅನ್ನುತ್ತಿದ್ದಳು.

ನಮ್ಮವರು ಮಲ್ಲಪ್ಪ, ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಇವರ ಬಲಗೈ ನಡುಗಲು ಶುರುವಾದಾಗ ಇನ್ನೊಬ್ಬ ದಲ್ಲಾಳಿ ಎಲ್ಲರ ಮುಂದೆ, "ಮಲ್ಲಪ್ಪಣ್ಣ, ನಿನ್ನ ಬೆರಳು ಒಂದು ರೇಟ್ ಹೇಳಾಕತ್ತಾವೋ, ಹತ್ತು ಹೇಳಾಕತ್ತಾವೋ?" ಅಂದನಂತೆ. ಮಂದಿ ನಕ್ಕರು. ಇವರು ಸಂತೆ ಬಿಟ್ಟರು.

ಯಾದಗಿರಿಯ ಡಾಕ್ಟರು ಪಾರ್ಕಿನ್ಸನ್ ರೋಗವೆಂದು ಗುಳಿಗೆ ಕೊಟ್ಟರು. ನಡುಕ ಸ್ವಲ್ಪ ಇಳಿಯಿತು, ಮನುಷ್ಯ ಮಾತ್ರ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಹೊರಸಿನ ಮೇಲೆ ಮಲಗಿದರೆ ಮಲಗಿದ್ದೇ. ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ. ಇದು ಸೊಕ್ಕು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಬೈದೆ ಕೂಡ.

ಒಂದು ದಿನ ಸೂಗಮ್ಮ ಬಿ.ಪಿ. ನೋಡಲು ಬಂದಳು.

"ಹ್ಯಾಂಗಿದ್ದೀರಿ ಕಾಕಾ?"

"ಆರಾಮ ಅದಾರ," ಎಂದೆ ನಾನು.

"ನಿದ್ದಿ ಬರ್ತದೇನ್ರಿ ಕಾಕಾ?"

"ಹಗಲೆಲ್ಲ ಅದೇ ಕೆಲಸ ಯವ್ವಾ," ಎಂದೆ ಮತ್ತೆ ನಾನೇ.

ಸೂಗಮ್ಮ ನನ್ನ ಎಲೆ ಚೀಲ ಎಳೆದುಕೊಂಡು, ಎರಡು ಎಲೆಗೆ ಅಡಕೆ ಇಟ್ಟು ಮಡಚಿ ನನ್ನ ಬಾಯಿಗೆ ತುರುಕಿದಳು. "ಇದು ಮುಗಿಯೋತನಾ ಬಾಯಿ ತೆಗೀಬ್ಯಾಡ್ರಿ ಕಾಕಿ. ಕಾಕಾನ ನಾಲಿಗಿ ನಿಮಗ ಗುತ್ತಿಗಿ ಕೊಟ್ಟಾರೇನು?"

ಮತ್ತೆ ಕೇಳಿದಳು, ಕಾದು ಕುಳಿತಳು. ಆ ರೋಗದವರ ಮಾತು ತಡವಾಗಿ ಬರುತ್ತದೆ. ನಾನು ಒಂದು ದಿನವೂ ಕಾದವಳಲ್ಲ. ಬಾಯಿ ತುಂಬ ರಸ, ಉಗುಳುವಂತಿಲ್ಲ. ಕಡೆಗೆ ಇವರು ಗೋಡೆಯ ಕಡೆಗೇ, ಸಣ್ಣ ದನಿಯಲ್ಲಿ ಅಂದರು: "ಮುಂಜಾನಿ ಎಚ್ಚರಾದ ಕೂಡ್ಲೇ ಯಾಕ ಎದ್ದೆ ಅನಸ್ತದ. ಇರಬಾರ್ದು ಅನಸ್ತದ."

ನಾನು ಅಡಕೆ ಸಮೇತ ನುಂಗಿಬಿಟ್ಟೆ.

ಸೂಗಮ್ಮ ಗಾಬರಿಯಾಗಲಿಲ್ಲ. "ಜೀವಕ್ಕೇನಾರ ಮಾಡ್ಕೋಬೇಕಂತ ವಿಚಾರ ಮಾಡೀರೇನು?" ಎಂದು ನೆಟ್ಟಗೆ ಕೇಳಿದಳು. ಇವರು ಇಲ್ಲವೆಂದರು. "ಬಂದ್ರ ಮೊದಲ ನನಗ ಹೇಳ್ಬೇಕು," ಎಂದು ಮಾತು ತೆಗೆದುಕೊಂಡು ನನ್ನ ಕಡೆ ತಿರುಗಿದಳು: "ಇದು ಸೊಕ್ಕಲ್ಲ ಕಾಕಿ. ಕೈ ನಡುಗಿಸಿದ ರೋಗನೇ ಮನಸಿಗೂ ಹಿಡದದ. ಇದಕ್ಕೂ ಔಷಧ ಅದ."

ಮರುದಿನ ರಜೆ ಹಾಕಿ ನಮ್ಮ ಜೊತೆ ಯಾದಗಿರಿ ಬಸ್ಸು ಹತ್ತಿದಳು. ಡಾಕ್ಟರು ಇನ್ನೊಂದು ಗುಳಿಗೆ ಬರೆದರು. "ಇದು ಹುಚ್ಚರ ಗುಳಿಗಿ ಅಲ್ಲೇನು?" ಎಂದು ನಾನು ಪಿಸುಗುಟ್ಟಿದರೆ, "ಗುಳಿಗಿಗೆ ಜಾತಿ ಹಚ್ಚಬ್ಯಾಡ್ರಿ, ನುಂಗಸ್ರಿ" ಎಂದಳು. ಹದಿನೈದು ದಿನ ಏನೂ ಆಗಲಿಲ್ಲ. ಬಿಟ್ಟುಬಿಡೋಣ ಎಂದೆ. "ಬಿತ್ತಿದ ಮರುದಿನ ತೊಗರಿ ಕೊಯ್ತೀರೇನು?" ಎಂದಳು.

ಗುಳಿಗೆಯೊಂದನ್ನೇ ನಂಬಿ ಕೂರುವವಳಲ್ಲ ಅವಳು. ದಿನಾ ಸಂಜೆ ಇವರನ್ನು ಓಣಿಯ ತುದಿತನಕ ನಡೆಸಿದಳು. ಆಮೇಲೆ ತನ್ನ ತಮ್ಮನಿಗೆ ಎತ್ತು ಕೊಡಿಸಬೇಕೆಂದು ಇವರನ್ನು ಸಂತೆಗೆ ಕರೆದಳು. ಇವರು ಕೈ ತೋರಿಸಿ ಒಲ್ಲೆ ಎಂದರು. "ಕೈ ನಡುಗಿದ್ರ ನಡುಗ್ಲಿ ಕಾಕಾ. ಎತ್ತಿನ ಹಲ್ಲು ನೋಡೋ ಕಣ್ಣು ನಡುಗಂಗಿಲ್ಲಲ್ಲ." ಇವರು ಟವೆಲ್ ಹುಡುಕಿಕೊಂಡು ಹೊರಟರು.

ಎರಡು ತಿಂಗಳಿಗೆ ಇವರು ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ನನ್ನನ್ನು ಬೈದರು. ಸಂತೋಷವಾಯಿತು ಎಂದು ಹೇಳುವುದಿಲ್ಲ. ಮರುದಿನ ನೋಡಿ ಹಾಕಿದೆ. ನಡುಕ ಈಗಲೂ ಇದೆ, ಗುಳಿಗೆಯೂ ಇದೆ. ಕೆಲವು ದಿನ ಮತ್ತೆ ಮಂಕಾಗುತ್ತಾರೆ. ಆಗ ನಾನು ಕೇಳುತ್ತೇನೆ, ಕಾಯುತ್ತೇನೆ.

ಸೂಗಮ್ಮ ನೌಕರಿ ಮುಗಿಸಿ ಮಗಳ ಊರಿಗೆ ಹೊರಟ ದಿನ ಹೇಳಿ ಹೋಗಲು ಬಂದಳು.

"ಕಾಕಾ ಎಲ್ಲದಾರ?"

"ಸಂತಿಗೆ ಹೋಗ್ಯಾರ. ತಡೀ ಯವ್ವಾ, ಫೋನ್ ಮಾಡ್ತೀನಿ, ಬರ್ತಾರ."

ಅವಳು ಫೋನ್ ಎತ್ತಿದ ನನ್ನ ಕೈ ಹಿಡಿದು ಕೆಳಗಿಳಿಸಿದಳು. "ಬ್ಯಾಡ್ರಿ. ಎರಡು ವರ್ಷ ಈ ಮನಿಗೆ ಬಂದೀನಿ, ಇವತ್ತೊಂದೇ ದಿನ ಕಾಕಾ ಮನ್ಯಾಗ ಸಿಕ್ಕಿಲ್ಲ. ಸಿಗದೇ ಇರ್ಲಿ."

ಖಾಲಿ ಹೊರಸಿನ ಮೇಲೆ ಕುಳಿತು, ಚಹಾ ಪೂರಾ ಕುಡಿದು ಹೋದಳು.