ಗಾಲಿಗೊಂದು ಕಲ್ಲು

ಇವತ್ತು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವಾಗ ಆ ವಾಸನೆ ಮೂಗಿಗೆ ಬಂತು. ಪಕ್ಕದ ಪಾತ್ರೆ ಅಂಗಡಿಯ ಶಟರಿಗೆ ಬಣ್ಣ ಹೊಡೆಯುತ್ತಿದ್ದರು. ಆಯಿಲ್ ಪೇಂಟು, ಅದಕ್ಕೆ ಬೆರೆಸಿದ ಟರ್ಪೆಂಟೈನು. ನಿಮಗೆ ಆ ವಾಸನೆ ಬಂದರೆ ಹೊಸ ಮನೆ ನೆನಪಾಗಬಹುದು, ಇಲ್ಲವೇ ಹಬ್ಬದ ಮುಂಚೆ ಬಳಿದ ಕಿಟಕಿಯ ಸರಳು. ನನಗೆ ಒಂದು ಮಿಲಿಟರಿ ಟ್ರಕ್ಕು ನೆನಪಾಗುತ್ತದೆ. ಅಂಗೈ ಮೇಲೆ ನಿಲ್ಲುವಷ್ಟು ದೊಡ್ಡದು. ಅದನ್ನು ಕಟ್ಟಿ, ಬಣ್ಣ ಬಳಿದವನು ನಾನೇ.

ನಾನು ಹೊಸನಗರದಲ್ಲಿ ಟೈಲರು. ರವಿಕೆ, ಶಾಲೆಯ ಸಮವಸ್ತ್ರ, ಲಂಗದ ಅಂಚು, ಇಷ್ಟೇ ನನ್ನ ಪ್ರಪಂಚ. ಚಿಕ್ಕವನಿದ್ದಾಗಲೂ ಗಾಡಿಗಳ ಹುಚ್ಚು ಇರಲಿಲ್ಲ. ಸೈಕಲ್ಲಿನ ಚೈನು ಕಳಚಿದರೆ ತಳ್ಳಿಕೊಂಡೇ ಮನೆಗೆ ಬರುತ್ತಿದ್ದವನು. ಅಂಥವನು ಹೆಚ್ಚುಕಡಿಮೆ ಒಂದು ವರ್ಷ ಕೂತು ಟ್ರಕ್ಕು ಕಟ್ಟಿದ್ದು ನಮ್ಮ ಭಾವನ ಕಾರಣಕ್ಕೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ. ಸಾಗರದವರು. ಮಿಲಿಟರಿಯಲ್ಲಿ ಡ್ರೈವರಾಗಿದ್ದು, ಪಿಂಚಣಿ ತಗೊಂಡು ಬಂದಮೇಲೆ ಊರಲ್ಲಿ ಒಂದು ಅಕ್ಕಿ ಗಿರಣಿಯ ವ್ಯಾನು ಓಡಿಸುತ್ತಿದ್ದರು. ನಮ್ಮ ಕಡೆ ಭಾವ ಭಾವಮೈದುನರ ನಡುವೆ ಸರಿಯಾದ ಮಾತು ಕಡಿಮೆ, ಕೀಟಲೆಯೇ ಹೆಚ್ಚು. ನಮ್ಮದೂ ಹಾಗೇ ಇತ್ತು. ನನ್ನ ಕೈಯಲ್ಲಿ ಆಗುವುದು ಕಾಜಾ ಗುಂಡಿ ಅಷ್ಟೇ ಅಂತ ಅವರು ಅನ್ನುವರು. ನಿಮ್ಮ ಕೈಯಲ್ಲಿ ಆಗುವುದು ಹಾರ್ನ್ ಒತ್ತುವುದು ಅಷ್ಟೇ ಅಂತ ನಾನು ಅನ್ನುವೆ. ಅಕ್ಕ ಒಳಗಿನಿಂದ ಕಾಫಿ ತರುವವರೆಗೆ ಇದೇ ಆಟ.

ಅವರಿಗೊಂದು ಅಭ್ಯಾಸವಿತ್ತು. ಯಾವ ಗಾಡಿಯಿಂದ ಇಳಿದರೂ ಮೊದಲು ಸುತ್ತಮುತ್ತ ಒಂದು ಕಲ್ಲು ಹುಡುಕುವರು. ಅದನ್ನು ಗಾಲಿಯ ಹಿಂದೆ ಒತ್ತಿ ಇಟ್ಟು, ಕಾಲಿನಿಂದ ಒಮ್ಮೆ ತಟ್ಟಿ ನೋಡಿಯೇ ಮುಂದಿನ ಮಾತು. ಬೆಟ್ಟದ ದಾರಿಯಲ್ಲಿ ಕಲಿತದ್ದಿರಬೇಕು. ಆದರೆ ಊರಿಗೆ ಬಂದಮೇಲೂ ಬಿಡಲಿಲ್ಲ. ಸಾಗರದ ಮನೆಯ ಅಂಗಳ ನೆಲದ ಹಾಸಿನಂತೆ ಮಟ್ಟವಾಗಿದೆ. ಅಲ್ಲಿ ನಿಲ್ಲಿಸಿದ ಮೊಪೆಡ್ಡಿಗೂ ಕಲ್ಲು. ಒಮ್ಮೆ ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಛತ್ರದ ಮುಂದೆ ಸಿಮೆಂಟು ಹಾಕಿದ ಜಾಗ, ಹುಡುಕಿದರೂ ಕಲ್ಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಮನುಷ್ಯ ಅಡುಗೆಮನೆಯ ಹಿಂದೆ ಹೋಗಿ, ಕುಡಿದು ಬಿಸಾಡಿದ ಎಳನೀರಿನ ಬುರುಡೆ ತಂದು ವ್ಯಾನಿನ ಗಾಲಿಗೆ ಕೊಟ್ಟರು. ಹೆಣ್ಣಿನ ಕಡೆಯವರು ಇದೇನೋ ಶಾಸ್ತ್ರ ಇರಬೇಕು ಅಂತ ಸುಮ್ಮನೆ ನೋಡುತ್ತಿದ್ದರು.

ನಾನು ಬಿಡುತ್ತಿರಲಿಲ್ಲ.

"ಸ್ಟ್ಯಾಂಡ್ ಹಾಕಿದೀರಲ್ಲ ಭಾವ, ಕಲ್ಲು ಎಂತಕ್ಕೆ?"

"ಇರ್ಲಿ ಮಾರಾಯ. ಅದ್ರ ಪಾಡಿಗೆ ಅದು ಇರುತ್ತೆ."

ಇದಕ್ಕಿಂತ ದೊಡ್ಡ ಉತ್ತರ ಅವರು ಯಾವತ್ತೂ ಕೊಡಲಿಲ್ಲ. ಹೋದವರ ಬಗ್ಗೆ ಬರೆಯಲು ಕೂತಾಗ ಅವರು ಹೇಳಿದ ದೊಡ್ಡ ಮಾತೊಂದು ನೆನಪಾಗಲಿ ಅಂತ ಕಾಯುತ್ತೇವೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಎಳನೀರಿನ ಬುರುಡೆ.

ಅಕ್ಕ ಮದುವೆಯಾದಾಗಿನಿಂದ ಅತ್ತೆ ಮಾವನ ಜೊತೆ ಸಾಗರದಲ್ಲೇ ಇದ್ದಳು. ಭಾವ ಎಲ್ಲೋ ಹಿಮದ ಕಡೆ. ರಜೆಗೆ ಬಂದಾಗ ಬಸ್ಸಿನಿಂದ ಇಳಿಯುವ ಗಂಡನನ್ನು ಅವಳು ನೋಡಿದ್ದಳೇ ಹೊರತು, ಅವರು ಅಷ್ಟು ವರ್ಷ ಓಡಿಸಿದ ಗಾಡಿಯನ್ನು ಒಂದು ದಿನವೂ ನೋಡಿರಲಿಲ್ಲ. ಮನೆಯಲ್ಲಿ ಒಂದೇ ಒಂದು ಫೋಟೋ ಇದೆ. ಅದರಲ್ಲಿ ಭಾವ ಗಾಡಿಗೆ ಒರಗಿ ನಿಂತ ಭಂಗಿ ಎಷ್ಟು ಜೋರಾಗಿದೆ ಅಂದರೆ, ಹಿಂದಿರುವುದು ಟ್ರಕ್ಕೋ ಗೋಡೆಯೋ ಗೊತ್ತಾಗುವುದಿಲ್ಲ. ಗಾಡಿ ಹೇಗಿತ್ತು ಅಂತ ಅಕ್ಕ ಕೇಳಿದಾಗಲೆಲ್ಲ ತೋರಿಸ್ತೀನಿ ಇರು ಅನ್ನುವರು. ಕೊನೆಗೆ ಶಿವಮೊಗ್ಗದಲ್ಲಿ ಕೆಲಸದಲ್ಲಿರುವ ಅವರ ಮಗಳು ಮೊಬೈಲಿನಲ್ಲಿ ಹುಡುಕಿ, ಚೂರುಗಳನ್ನು ಅಂಟಿಸಿ ನಾವೇ ಕಟ್ಟಿಕೊಳ್ಳುವ ಪುಟ್ಟ ಟ್ರಕ್ಕಿನ ಪೆಟ್ಟಿಗೆಯೊಂದನ್ನು ತರಿಸಿಕೊಟ್ಟಳು. ಪೆಟ್ಟಿಗೆಯ ಮೇಲಿದ್ದದ್ದು ಬೇರೆ ಯಾವುದೋ ದೇಶದ ಟ್ರಕ್ಕು. ಭಾವ ಕನ್ನಡಕ ಏರಿಸಿ ನೋಡಿ, ಹೆಚ್ಚುಕಡಿಮೆ ಇದೇ, ಮೂತಿ ಮಾತ್ರ ಸ್ವಲ್ಪ ಬೇರೆ, ಅಂದರಂತೆ. ಒಳಗಿನ ಚೂರುಗಳನ್ನೆಲ್ಲ ಮೊರದಲ್ಲಿ ಹರಡಿಕೊಂಡು, ಇಷ್ಟು ಬಿಚ್ಚಿಟ್ಟ ಗಾಡಿಯನ್ನು ಗ್ಯಾರೇಜಿನಲ್ಲೂ ಕಂಡಿಲ್ಲ ಅಂತ ನಕ್ಕರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಅವರು ಹೋದರು. ಎದೆ ಹಿಡಿದುಕೊಂಡಿತು ಅಂದರು, ಆಸ್ಪತ್ರೆಗೆ ಒಯ್ದರು, ಅಷ್ಟೇ.

ಕಾರ್ಯಗಳೆಲ್ಲ ಮುಗಿದು ನಾನು ಹೊರಟಾಗ ಅಕ್ಕ ಆ ಪೆಟ್ಟಿಗೆಯನ್ನು ತಂದು ನನ್ನ ಕೈಗಿಟ್ಟಳು.

"ನಾ ಆ ಗಾಡಿ ನೋಡ್ಲೇ ಇಲ್ಲ ತಮ್ಮ. ವರ್ಷದ ಕಾರ್ಯದೊಳಗೆ ನೀನಾದ್ರೂ ಮಾಡಿ ತೋರ್ಸು."

ನನಗೆ ಇದೆಲ್ಲ ಬರುವುದಿಲ್ಲ ಅಂತ ಹೇಳಬೇಕಿತ್ತು. ಅವಳ ಮುಖ ನೋಡಿ ಆಗಲಿಲ್ಲ.

ಹೊಸನಗರಕ್ಕೆ ಬಂದು, ಮನೆಯಲ್ಲಿ ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದೆ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳು, ಒಂದೊಂದು ಕಡ್ಡಿಗೂ ಹೀಚುಕಾಯಿಯಂತೆ ಜೋತುಬಿದ್ದ ಭಾಗಗಳು. ಅವುಗಳ ನಡುವೆ ಜೋಡಿಸಿದ್ದ ಒಂದೇ ಒಂದು ವಸ್ತು ಸಿಕ್ಕಿತು: ಡ್ರೈವರಿನ ಸೀಟು. ಜೊತೆಗಿದ್ದ ಹಾಳೆಯ ಚಿತ್ರಗಳಲ್ಲಿ ಮೊದಲು ಎಂಜಿನ್ನು, ಆಮೇಲೆ ಗಾಲಿಗಳನ್ನು ಹೊರುವ ಅಡಿಪಟ್ಟಿ, ಸೀಟು ಎಷ್ಟೋ ಚಿತ್ರಗಳಾದ ಮೇಲೆ. ಭಾವ ಮಾತ್ರ ಕೂರುವ ಜಾಗವನ್ನು ಮೊದಲು ಮಾಡಿಕೊಂಡಿದ್ದರು. ಬೆನ್ನು ಒರಗುವ ಭಾಗ ಸ್ವಲ್ಪ ಸೊಟ್ಟಗೆ ಅಂಟಿತ್ತು. ನಾನು ಅದನ್ನು ಸರಿ ಮಾಡಲು ಹೋಗಲಿಲ್ಲ.

ಆಮೇಲಿನ ದಿನಗಳು ಒಂದು ರೀತಿಯ ಮಂಪರು. ಹೊಲಿಗೆ ಕೆಲಸ ಮುಗಿದ ಸಂಜೆ ಕೂರುತ್ತಿದ್ದೆ. ನೂಲು ಕತ್ತರಿಸುವ ಚಿಕ್ಕ ಕತ್ತರಿಯಿಂದ ಭಾಗಗಳನ್ನು ಬಿಡಿಸಿ, ಹೆಂಡತಿಯ ಉಗುರು ಉಜ್ಜುವ ಪಟ್ಟಿಯಿಂದ ಅಂಚು ತಿಕ್ಕುತ್ತಿದ್ದೆ. ಅವಳು ಆ ಪಟ್ಟಿಯನ್ನು ವಾಪಸು ಕೇಳಲಿಲ್ಲ, ಹೊಸದನ್ನು ಕೊಂಡಳು. ಹೊಸಬ ಮಾಡುವ ತಪ್ಪುಗಳನ್ನೆಲ್ಲ ಒಂದೂ ಬಿಡದೆ ಮಾಡಿದೆ. ಅಂಟು ಹೆಚ್ಚು ಹಾಕಿ ಬಾಗಿಲಿನ ಮೇಲೆ ಹೆಬ್ಬೆರಳಿನ ಗುರುತು ಬಿತ್ತು. ಗಾಲಿಗಳನ್ನು ಬಣ್ಣ ಹಚ್ಚುವ ಮುಂಚೆಯೇ ಅಂಟಿಸಿಬಿಟ್ಟು, ಟೈರಿಗೆ ಕಪ್ಪು ಬಳಿಯುವಾಗ ಪಕ್ಕದ ತಗಡಿಗೂ ಬಳಿದೆ. ಹಿಂದಿನ ಕನ್ನಡಿ ನೆಲಕ್ಕೆ ಬಿದ್ದು, ಗುಂಡಿಗಳ ನಡುವೆ ಸೇರಿಕೊಂಡು, ಇವತ್ತಿಗೂ ಸಿಕ್ಕಿಲ್ಲ. ಯಾರದೋ ರವಿಕೆಗೆ ಹೊಲಿದುಹೋಗಿದ್ದರೂ ಹೋಗಿರಬಹುದು.

ಅಂಟು ಒಣಗಲಿ ಅಂತ ಕಾಯುವಾಗ ಅರ್ಧ ಕಟ್ಟಿದ ಗಾಡಿಯನ್ನು ಮೇಜಿನ ಮೇಲೆ ಬಿಡುತ್ತಿದ್ದೆ. ಅಲ್ಲಿ ಯಾವಾಗಲೂ ಒಂದಷ್ಟು ಬಿಳಿ ಪಾಪ್ಲಿನ್ ಬಟ್ಟೆ ಮುದುಡಿ ಬಿದ್ದಿರುತ್ತದೆ. ಕಣ್ಣು ಸ್ವಲ್ಪ ಕಿರಿದು ಮಾಡಿದರೆ ಆ ಮಡಿಕೆಗಳು ಹಿಮದ ಬೆಟ್ಟಗಳಾಗುತ್ತಿದ್ದವು. ಒಂದು ಮಡಿಕೆಯ ನೆತ್ತಿಯಲ್ಲಿ ಗಾಡಿ ನಿಂತಿದೆ, ಕೆಳಗೆ ನೆರಳು ತುಂಬಿದ ಕಣಿವೆ. ನಾನು ಕೂಡ ಗುಂಡಿಯಷ್ಟು ಚಿಕ್ಕವನಾಗಿ ಭಾವನ ಪಕ್ಕ ಕೂತಿದ್ದೇನೆ. ಅವರು ರಸ್ತೆ ನೋಡುತ್ತಿದ್ದಾರೆ. ಹೊಲಿಗೆ ಯಂತ್ರದ ಮೇಲಿನ ದೀಪವೇ ಅಲ್ಲಿನ ಸೂರ್ಯ. ಎಷ್ಟು ಹೊತ್ತು ಹಾಗೆ ಕೂರುತ್ತಿದ್ದೆನೋ, ಹೆಂಡತಿ ಊಟಕ್ಕೆ ಕರೆದಾಗ ಬೆಟ್ಟ ಇಳಿದು ಬರಲು ಸ್ವಲ್ಪ ಸಮಯ ಬೇಕಾಗುತ್ತಿತ್ತು.

ಹಸಿರು ಯಾವುದು ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಕಿಟಕಿಯಿಂದ ಹೊರಗೆ ನೋಡಿದರೆ ನಮ್ಮಲ್ಲಿ ಇರುವುದೆಲ್ಲ ಹಸಿರೇ, ಒಂದೂ ಮಿಲಿಟರಿಯದಲ್ಲ. ಭಾವನ ಟ್ರಂಕಿಗೆ ಬಳಿದದ್ದು ಗಾಡಿಯದೇ ಬಣ್ಣ ಅಂತ ಅವರು ಹೇಳಿದ್ದು ನೆನಪಿಗೆ ಬಂದು, ಸಾಗರಕ್ಕೆ ಹೋಗಿ ಟ್ರಂಕನ್ನು ಅಂಗಳಕ್ಕೆ ತಂದೆ. ಬಟ್ಟೆಗೆ ನೂಲು ಹೊಂದಿಸುವಾಗ ನಾವು ಟ್ಯೂಬ್‌ಲೈಟಿನ ಕೆಳಗೆ ನೋಡುವುದಿಲ್ಲ, ಮೆಟ್ಟಿಲಿಗೆ ಬಂದು ಬಯಲ ಬೆಳಕಿನಲ್ಲಿ ನೋಡುತ್ತೇವೆ. ಹಾಗೆಯೇ ನನ್ನಲ್ಲಿದ್ದ ನೂಲಿನ ಉಂಡೆಗಳನ್ನೆಲ್ಲ ಒಂದೊಂದಾಗಿ ಟ್ರಂಕಿಗೆ ಹಿಡಿದು ನೋಡಿ, ಒಂದನ್ನು ಆರಿಸಿ ಜೇಬಿಗೆ ಹಾಕಿಕೊಂಡೆ. ಆ ನೂಲು ನೋಡಿಕೊಂಡು ಹಸಿರಿಗೆ ಹಳದಿ, ಚೂರು ಕಪ್ಪು ಬೆರೆಸಿದೆ. ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಮುಚ್ಚಿಗೆ ಬಿಟ್ಟು, ದಪ್ಪ ಬಟ್ಟೆಯಲ್ಲಿ ತಾಡಪಾಲು ಹೊಲಿದೆ. ಅದೊಂದು ಕೆಲಸ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಕಾಜಾ ಗುಂಡಿ ಅಷ್ಟೇ ಅಂದವರು ಇದನ್ನು ನೋಡಬೇಕಿತ್ತು.

ಕೊನೆಗೆ ಗಾಲಿಗಳಿಗೆ ಧೂಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ ಸವರಿದೆ. ಭಾವ ಓಡಾಡಿದ ಬೆಟ್ಟದ ಮಣ್ಣು ಯಾವ ಬಣ್ಣವೋ ನನಗೆ ತಿಳಿಯದು. ಕೆಂಪು ಸೀಮೆಸುಣ್ಣವನ್ನೇ ಹಾಕಿದೆ. ಆಷಾಢದ ತೇವಕ್ಕೆ ಬಣ್ಣ ಎಷ್ಟು ದಿನವಾದರೂ ಒಣಗದೆ ಬೆರಳಿಗೆ ಅಂಟುತ್ತಿತ್ತು. ಇನ್ನು ಎರಡು ದಿನಕ್ಕೆ ವರ್ಷದ ಕಾರ್ಯ. ಆ ಆತುರದಲ್ಲಿ ನಮ್ಮ ಕಡೆಯವನು ಮಾತ್ರ ಮಾಡಬಹುದಾದ ಕೆಲಸ ಮಾಡಿದೆ. ಮಳೆಗಾಲದಲ್ಲಿ ನಾವು ಒಣಗಬೇಕಾದ್ದನ್ನೆಲ್ಲ ಬಚ್ಚಲೊಲೆಯ ಮೇಲಿನ ಹಲಗೆಗೆ ಸೇರಿಸುತ್ತೇವೆ: ಬನಿಯನ್ನು, ಬೆಂಕಿಪೊಟ್ಟಣ, ಹಪ್ಪಳ, ಮಕ್ಕಳ ಶೂ. ಟ್ರಕ್ಕನ್ನೂ ಅಲ್ಲಿಟ್ಟೆ.

ಸ್ನಾನ ಮುಗಿಸಿ ಬಂದು ನೋಡಿದಾಗ ಬಣ್ಣ ಚೆನ್ನಾಗಿ ಒಣಗಿತ್ತು. ಅಡಿಪಟ್ಟಿ ಬಾಗಿತ್ತು. ಮೇಜಿನ ಮೇಲಿಟ್ಟರೆ ಮುಂದಿನ ಎಡಗಾಲಿ ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿತು. ಒತ್ತಿದರೆ ಗಾಡಿ ಕುಂಟನಂತೆ ಇನ್ನೊಂದು ಕಡೆ ವಾಲಿತು. ಬಾಗಿಸಿ ಸರಿಮಾಡಲು ಹೋದಾಗ ಒಳಗೆಲ್ಲೋ ಚಿಟ್ಟೆಂದು ಸದ್ದಾಯಿತು. ಕೈ ಬಿಟ್ಟೆ. ಸ್ಟೂಲಿನ ಮೇಲೆ ಕೂತೆ. ಭಾವ ಹೋದ ದಿನ ಬಾರದೇ ಇದ್ದ ಅಳು ಆಗ ಬಂತು.

ಕಾರ್ಯದ ದಿನ ಟ್ರಕ್ಕನ್ನು ರಟ್ಟಿನ ಡಬ್ಬಿಯಲ್ಲಿ ಪಾಪ್ಲಿನ್ ಚೂರುಗಳ ನಡುವೆ ಮಲಗಿಸಿ ಸಾಗರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡದ್ದು ನೋಡಿ ಕಂಡಕ್ಟರು ಒಳಗೇನು ಅಂತ ಕೇಳಿದರು. ಟ್ರಕ್ಕು ಅಂದೆ. "ಬಸ್ಸೊಳಗೆ ಟ್ರಕ್ಕಾ? ಅದಕ್ಕೆ ಲಗೇಜು ಟಿಕೆಟು ಹರಿಬೇಕಾಗ್ತದೆ," ಅಂದವರು ಹರಿಯಲಿಲ್ಲ. ಬಟ್ಟೆಮಲ್ಲಪ್ಪ ಅನ್ನುವ ಊರು ದಾಟಿದ ಮೇಲೆ ಮಳೆ ನಿಂತು, ಗಾಜಿನ ಹೊರಗೆಲ್ಲ ಬೆಳ್ಳಗಿನ ಮಂಜು. ಅಕ್ಕನಿಗೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಊಟವಾಗಿ ನೆಂಟರೆಲ್ಲ ಹೋದಮೇಲೆ ಅಕ್ಕ ಜಗಲಿಯಲ್ಲಿ ಬಂದು ಕೂತಳು. ಡಬ್ಬಿ ತೆರೆದು ಟ್ರಕ್ಕನ್ನು ಅವಳ ಮುಂದಿಟ್ಟೆ. ಗಾಲಿ ಗಾಳಿಯಲ್ಲಿ ನಿಂತಿತು. ಒಲೆಯ ಹಲಗೆಯ ಕತೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ತಾಡಪಾಲನ್ನು ಎತ್ತಿ ಒಳಗೆ ಇಣುಕಿದಳು, ಬಾಗಿಲಿನ ಮೇಲೆ ಬೆರಳಾಡಿಸಿದಳು.

"ಇಷ್ಟು ಎತ್ತರನಾ? ಇದಕ್ಕೆ ಹತ್ತೋದು ಹೆಂಗೆ?"

ಬಾಗಿಲ ಕೆಳಗಿನ ಮೆಟ್ಟಿಲು ತೋರಿಸಿದೆ.

"ಅವ್ರು ಕೂರೋದು ಎಲ್ಲಿ?"

ಸೊಟ್ಟ ಸೀಟನ್ನು ತೋರಿಸಿ, ಇದನ್ನು ಮಾಡಿದ್ದು ಅವರೇ ಅಂದೆ. ಅಕ್ಕ ತಲೆ ಬಾಗಿಸಿ, ಒಂದು ಕಣ್ಣು ಮುಚ್ಚಿಕೊಂಡು, ಕಿಟಕಿಯೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಬೆರಳಿನಿಂದ ಮೇಲೆದ್ದಿದ್ದ ಗಾಲಿಯನ್ನು ಮುಟ್ಟಿದಳು. ಗಾಡಿ ಅಲ್ಲಾಡಿತು. ಅವಳು ಎದ್ದು ಅಂಗಳಕ್ಕೆ ಇಳಿದಳು. ನಾನು ತಲೆ ತಗ್ಗಿಸಿ ಕೂತೆ.

ಬಂದಾಗ ಅವಳ ಕೈಯಲ್ಲಿ ಹುಣಸೆಬೀಜದಷ್ಟು ಒಂದು ಕಲ್ಲಿತ್ತು. ಸೆರಗಿನಿಂದ ಒರೆಸಿ, ಬಗ್ಗಿ, ಆ ಗಾಲಿಯ ಕೆಳಗೆ ಮೆಲ್ಲಗೆ ಒತ್ತಿ ಇಟ್ಟಳು. ಬೆರಳ ತುದಿಯಿಂದ ಒಮ್ಮೆ ತಟ್ಟಿ ನೋಡಿದಳು. ಟ್ರಕ್ಕು ನಿಂತಿತು.

"ಕಲ್ಲು ಕೊಡದೆ ಅವ್ರು ಗಾಡಿ ನಿಲ್ಸಿದ್ದು ಯಾವಾಗ?" ಅಂದಳು. ಆ ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಟ್ರಕ್ಕು ಈಗಲೂ ಅಲ್ಲೇ, ಫೋಟೋದ ಕೆಳಗಿನ ಗೂಡಿನಲ್ಲಿದೆ. ಗುಡಿಸುವಾಗ ಅಕ್ಕ ಅದನ್ನು ಎತ್ತಿ ಒರೆಸಿ ಇಡುತ್ತಾಳೆ, ಕಲ್ಲನ್ನೂ ಒರೆಸಿ ಇಡುತ್ತಾಳೆ.

ಇಷ್ಟನ್ನು ನೆನೆಯುತ್ತ ಬಾಗಿಲಲ್ಲೇ ನಿಂತಿದ್ದೆ ಅಂತ ಕಾಣುತ್ತದೆ. ಶಟರಿಗೆ ಬಣ್ಣ ಹೊಡೆಯುವವರು ಕೆಲಸ ನಿಲ್ಲಿಸಿ ನನ್ನ ಕಡೆಯೇ ನೋಡುತ್ತಿದ್ದರು. ನೋಡಿದ್ದು ನನ್ನ ಮುಖವನ್ನಲ್ಲ. ಅಂಗಡಿಯ ಮುಂದೆ ಮಟ್ಟವಾದ ಸಿಮೆಂಟಿನ ಮೇಲೆ ನಿಲ್ಲಿಸಿದ್ದ ನನ್ನ ಮೊಪೆಡ್ಡಿನ ಹಿಂದಿನ ಗಾಲಿಯನ್ನು.

"ಸ್ಟ್ಯಾಂಡ್ ಹಾಕಿದೀರಲ್ಲ ಮಾರಾಯ್ರೆ, ಕಲ್ಲು ಎಂತಕ್ಕೆ?"

ಯಾವಾಗ ಇಟ್ಟೆನೋ ನನಗೇ ನೆನಪಿಲ್ಲ. ಬಗ್ಗಿ ಕಲ್ಲನ್ನು ಇನ್ನೊಂಚೂರು ಒಳಗೆ ಒತ್ತಿದೆ.

"ಇರ್ಲಿ," ಅಂದೆ.